ತವರಿನ ಗಿಡ ನೀಲಿಯಾದದ್ದು

ಮನೆಯಲ್ಲಿ ಎರಡು ಒಲೆ ಹೊತ್ತಲು ಆಸ್ತಿ ಪಾಲಾಗಲೇಬೇಕೆಂದೇನಿಲ್ಲ. ಗೋವೆಯ ವಾಸ್ಕೋದಲ್ಲಿ ಹೊಸ ಮನೆ ಕಟ್ಟಿಸಿಕೊಂಡಿದ್ದ ಪಂಚಾಕ್ಷರಪ್ಪನವರ ಸಂಸಾರಕ್ಕೆ ಒಂದು ಹೂವು ಸಾಕಾಯಿತು. ಗುಲಾಬಿ ಬಣ್ಣದಲ್ಲಿ ಅರಳಬೇಕಾದ ಹೂವು ನೀಲಿಯಾಗಿ ಅರಳಿತು, ಅಷ್ಟೇ.

ಮೊದಲು ನೋಡಿದವಳು ಸೊಸೆ ಸೀಮಾ. ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಕತ್ತೆತ್ತಿದರೆ, ಹಲಸಿನ ಮರದ ನೆರಳಿನಲ್ಲಿಟ್ಟ ಕುಂಡವೊಂದರಲ್ಲಿ ಅಷ್ಟು ದಿನ ಹಸಿರಾಗಿದ್ದ ಗೊಂಚಲಿಗೆ ನೀಲಿ ಹತ್ತಿತ್ತು. ವರ್ಷವಿಡೀ ಜೋಪಾನ ಮಾಡಿದ ಗಿಡ ಕೊನೆಗೂ ಹೂ ಬಿಟ್ಟಿತಲ್ಲ ಎಂಬ ಖುಷಿಯಲ್ಲಿ ಅವಳಿಗೆ ಬಣ್ಣದ ಮಾತು ಹೊಳೆಯಲೇ ಇಲ್ಲ. ಸೋಪಿನ ಕೈಯಲ್ಲೇ ಒಳಗೆ ಹೋಗಿ ಅತ್ತೆಯನ್ನು ಕರೆತಂದಳು.

ನೀಲಗಂಗವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಇದು ನನ್ನ ಗಿಡಾ ಅಲ್ಲ," ಅಂದಳು.

"ನಿಮ್ಮ ಗಿಡದ ಕಡ್ಡೀನ ಇದು ಅತ್ತಿ. ನಾನ ನನ್ನ ಕೈಯ್ಯಾರೆ ಕತ್ತರಿಸಿ ತಂದೇನಿ."

"ಕಡ್ಡಿ ನಂದಾಗಿದ್ರ ಹೂವೂ ನಂದ ಆಗತಿತ್ತು. ಮಾವಿನ ಗಿಡದಾಗ ಬೇವಿನಕಾಯಿ ಬಿಡ್ತಾವೇನು?"

ಅತ್ತೆ ಹೋದ ಮೇಲೂ ಸೀಮಾ ಆ ಹೂವಿನ ಮುಂದೆ ನಿಂತೇ ಇದ್ದಳು. ಅತ್ತೆಯ ಗಿಡದ ಹೂ ಗುಲಾಬಿ ಬಣ್ಣದ್ದು ಎಂಬುದು ಅವಳಿಗೂ ನೆನಪಿತ್ತು. ಇದು ನೀಲಿ ಎಂಬುದೂ ಕಣ್ಣೆದುರಿಗಿತ್ತು.

ಹೈಡ್ರೇಂಜಿಯಾ ಎಂಬ ಹೆಸರು ಆ ಮನೆಯಲ್ಲಿ ನೆಟ್ಟಗೆ ಹೊರಡುತ್ತಿದ್ದದ್ದು ಕಾಲೇಜಿಗೆ ಹೋಗುವ ಮೊಮ್ಮಗಳು ಕೀರ್ತಿಯ ಬಾಯಲ್ಲಿ ಮಾತ್ರ. ಉಳಿದವರಿಗೆ ಅದು ಗೊಂಚಲ ಹೂವು. ನೀಲಗಂಗವ್ವ ಮದುವೆಯಾಗಿ ಗೋವೆಗೆ ಹೊರಟಾಗ ಅವಳ ತಾಯಿ ಧಾರವಾಡದ ಮನೆಯಂಗಳದ ಗಿಡದಿಂದ ಬೇರು ಬಿಟ್ಟ ಒಂದು ಟಿಸಿಲು ಕಿತ್ತು, ಒದ್ದೆ ಅರಿವೆಯಲ್ಲಿ ಸುತ್ತಿ ಮಡಿಲಿಗೆ ಹಾಕಿದ್ದಳು. ಗಡಿಯ ಮೊಲೆಂನಲ್ಲಿ ಬಸ್ಸು ತಡೆದ ಪೊಲೀಸ ಗಂಟು ಬಿಚ್ಚಿಸಿ ನೋಡಿ, ಒಳಗೆ ಬರೀ ಮಣ್ಣು ಮತ್ತು ಕಡ್ಡಿ ಕಂಡು ನಕ್ಕಿದ್ದನಂತೆ. ಸಾವರ್ಡೆಯ ಬಾಡಿಗೆ ಮನೆಯ ಹಿಂಬದಿ ಮೆಟ್ಟಿಲ ಪಕ್ಕದಲ್ಲಿ ಅದು ಹತ್ತಿಕೊಂಡಿತು, ಸೊಂಟದೆತ್ತರ ಬೆಳೆಯಿತು, ವರ್ಷಾ ವರ್ಷಾ ಗುಲಾಬಿ ಗೊಂಚಲು ಬಿಟ್ಟಿತು. ಮುಂದೆ ತಮ್ಮಂದಿರು ಧಾರವಾಡದ ಮನೆ ಮಾರಿ ಫ್ಲ್ಯಾಟುಗಳಿಗೆ ಹೋದರು. ನೀಲಗಂಗವ್ವನಿಗೆ ತವರು ಅಂತ ಉಳಿದದ್ದು ಆ ಗಿಡ.

ಗಿಡಕ್ಕೆ ಇನ್ನೊಂದು ಕೆಲಸವೂ ಇತ್ತು. ಪಂಚಾಕ್ಷರಪ್ಪನವರು ದಿನಾ ಬೆಳಿಗ್ಗೆ ಪಡಸಾಲೆಯ ಮೂಲೆಯಲ್ಲಿ ಎಲ್ಲರ ಕಣ್ಣೆದುರಿಗೇ ಕೂತು ಲಿಂಗಪೂಜೆ ಮಾಡುತ್ತಿದ್ದರು. ನೀಲಗಂಗವ್ವನ ಪೂಜೆ ಸ್ನಾನವಾದ ಮೇಲೆ ನಿಂತಲ್ಲೇ ಮುಗಿಯುವಂಥದು. ಅವರದು ವಿಭೂತಿ ಕಲಸಿದ ನೀರು, ಪತ್ರಿ, ಹೂವು, ಎಲ್ಲ ಸಾವಕಾಶದ್ದು. ಲಿಂಗದ ಮೇಲಿಂದ ಇಳಿದ ನೀರು, ಹೂವು ಯಾರ ಕಾಲಿಗೂ ಸಿಗಬಾರದು. ಆದ್ದರಿಂದ ಪೂಜೆ ಮುಗಿಸಿ ತಟ್ಟೆಯನ್ನು ಹಾಗೇ ಒಯ್ದು ಹಿಂದಿನ ಮೆಟ್ಟಿಲ ಮೇಲೆ ನಿಂತು ಗಿಡದ ಬುಡಕ್ಕೆ ಸುರಿಯುವರು. ಆ ಸಪ್ಪಳ ಕೇಳಿದ ಮೇಲೆಯೇ ನೀಲಗಂಗವ್ವ ಬಾಯಿಗೆ ತುತ್ತಿಡುವುದು. ಜ್ವರ ಬಂದ ದಿನವೂ ಅದು ತಪ್ಪಿರಲಿಲ್ಲ.

ಸುತ್ತಲಿನ ಅದಿರಿನ ಗಣಿಗಳು ನಿಂತು ಸಾವರ್ಡೆಯ ಪೇಟೆ ಸೊರಗಿದ ಮೇಲೆ ಮಗ ಶಶಿಧರ ಸ್ಟೀಲು ಪಾತ್ರೆಯ ಅಂಗಡಿಯನ್ನು ವಾಸ್ಕೋಗೆ ಎತ್ತಿದ, ಅಲ್ಲೇ ಮನೆಯನ್ನೂ ಕಟ್ಟಿಸಿದ. ಹೋದ ಜೂನಿನಲ್ಲಿ ಲಾರಿ ಬಂದು ನಿಂತಾಗ ಗಿಡವನ್ನು ಕೀಳುವ ಮಾತಾಯಿತು. ಬುಡ ದೊಡ್ಡದು, ಲಾರಿಯಲ್ಲಿ ಜಾಗವಿಲ್ಲ ಎಂದು ಶಶಿಧರ ಕೈಯೆತ್ತಿಬಿಟ್ಟ. ಅತ್ತೆಯ ಮುಖ ನೋಡಲಾಗದೆ ಸೀಮಾ ಕತ್ತರಿ ಹಿಡಿದಳು. ಹೂ ಬಿಡದ ಟಿಸಿಲುಗಳನ್ನೇ ಆರಿಸಿ, ಎಲೆ ಹೊರಡುವ ಗೆಣ್ಣಿನ ಕೆಳಗೆ ಕತ್ತರಿಸಿದಳು. ಮೇಲಿನ ಎರಡು ಎಲೆ ಬಿಟ್ಟು, ಅವನ್ನೂ ಅರ್ಧಕ್ಕೆ ಕೊಯ್ದು, ಮರಳು ಬೆರೆಸಿದ ಕೆಂಪು ಮಣ್ಣಿನಲ್ಲಿ ಊರಿ, ಮೇಲೊಂದು ಪ್ಲಾಸ್ಟಿಕ್ ಚೀಲ ಮುಚ್ಚಿದಳು. ಒಂದು ಕಡ್ಡಿಯನ್ನು ಪಕ್ಕದ ಮನೆಯ ಚಮನಬಿಗೂ ಕೊಟ್ಟಳು. ಮಳೆಗಾಲದ ತಂಪಿಗೆ ಎಲ್ಲ ಬೇರು ಬಿಟ್ಟವು. ಹೊಸ ಮನೆಯಲ್ಲಿ ಬೆಳಗಿನ ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಹುಡುಕಿ ಕುಂಡಗಳನ್ನಿಟ್ಟಳು. ಬೇಸಿಗೆಯಲ್ಲಿ ಎಲೆ ಸೊಪ್ಪಾಗಿ ಜೋತುಬಿದ್ದಾಗ ದಿನಕ್ಕೆರಡು ಸಲ ನೀರು ಹೊತ್ತಳು. ಇಷ್ಟೆಲ್ಲ ಮಾಡಿ ಕಳ್ಳಿ ಎನಿಸಿಕೊಂಡಳು.

ಅತ್ತೆಯ ಅನುಮಾನಕ್ಕೆ ಬುಡವೇ ಇರಲಿಲ್ಲ ಎನ್ನುವಂತೆಯೂ ಇರಲಿಲ್ಲ. ಮನೆ ಬದಲಾಯಿಸುವ ಗಡಿಬಿಡಿಯಲ್ಲಿ ಸೀಮಾ ಹಳೆಯ ತಾಮ್ರದ ಹಂಡೆಯನ್ನು ಹೇಳದೆ ಕೇಳದೆ ಹಳೇ ಸಾಮಾನು ಕೊಳ್ಳುವ ಮೋಡಕಾದವನಿಗೆ ಹಾಕಿದ್ದಳು. ಕೇಳಿದಾಗ ಒಪ್ಪಿಕೊಂಡಿದ್ದಳು, ಬೈಗುಳ ತಿಂದಿದ್ದಳು, ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು. ಈಗ ಹಂಡೆ ಮತ್ತೆ ಎದ್ದು ಬಂತು. ಹಂಡೆ ಹೋದ ದಾರಿಯಲ್ಲೇ ಗಿಡವೂ ಹೋಗಿದೆ, ಕಡ್ಡಿಗಳು ಒಣಗಿದವೆಂದು ಮಡಗಾವಿಯ ನರ್ಸರಿಯಿಂದ ಬೇರೆ ಸಸಿ ತಂದು ಕೂರಿಸಿದ್ದಾಳೆ ಎಂದು ನೀಲಗಂಗವ್ವ ತೀರ್ಪು ಕೊಟ್ಟಳು. ಸೀಮಾ ಆ ನರ್ಸರಿಗೆ ಹೋಗಿದ್ದೂ ಖರೆ, ಆದರೆ ತಂದದ್ದು ಕರಿಬೇವಿನ ಸಸಿ.

ಮಾರನೆಯ ದಿನ ನೀಲಗಂಗವ್ವ ಅಟ್ಟದ ಮೇಲಿದ್ದ ಒಂದೇ ಬರ್ನರಿನ ಸಣ್ಣ ಒಲೆಯನ್ನು ಇಳಿಸಿ ತನ್ನ ಕೋಣೆಯ ಪಕ್ಕದ ಕಟ್ಟೆಯ ಮೇಲಿಟ್ಟಳು. ಹಿಟ್ಟಿನ ಡಬ್ಬಿಯಿಂದ ತನ್ನ ಪಾಲಿನದನ್ನು ಬೇರೆ ಡಬ್ಬಿಗೆ ಹಾಕಿಕೊಂಡಳು. ಸುಳ್ಳು ಹೇಳುವ ಕೈಯ ರೊಟ್ಟಿ ತನ್ನ ಗಂಟಲಲ್ಲಿ ಇಳಿಯುವುದಿಲ್ಲ, ಅವಳು ಒಪ್ಪಿಕೊಂಡ ದಿನ ಈ ಒಲೆ ಅಟ್ಟಕ್ಕೆ ಹೋಗುತ್ತದೆ ಎಂದು ಮಗನಿಗೆ ಹೇಳಿದಳು. ಹೇಳಿದ್ದು ಮಗನಿಗೆ, ಕೇಳಬೇಕಾದದ್ದು ಸೊಸೆ.

ಸುದ್ದಿಗೆ ಕಾಲು ಬಂತು. ಧಾರವಾಡದ ತಮ್ಮಂದಿರ ಹೆಂಡಿರು ಫೋನಿನಲ್ಲಿ ಗಿಡದ ಆರೋಗ್ಯ ವಿಚಾರಿಸಿದರು. ಸೋಮವಾರ ಅಕ್ಕನ ಬಳಗದ ಭಜನೆಗೆ ಹೋದರೆ, ಹೆಂಗಸೊಬ್ಬಳು ಪ್ರಸಾದ ಕೊಡುತ್ತ, ವಯಸ್ಸಾದವರ ಮನಸ್ಸು ನೋಯಿಸಬಾರದು ನೋಡು ಎಂದು ಸಣ್ಣ ದನಿಯಲ್ಲಿ ಬುದ್ಧಿ ಹೇಳಿದಳು. ಸೀಮಾಗೆ ಮೈ ಉರಿದುಹೋಯಿತು. ಹದಿನೆಂಟು ವರ್ಷ ಈ ಮನೆಯಲ್ಲಿ ರೊಟ್ಟಿ ಬಡಿದು ಗಳಿಸಿದ್ದ ಹೆಸರು ಒಂದು ಕುಂಡದ ಪಾಲಾಗಿತ್ತು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಆ ಮನೆಯಲ್ಲಿ ಕೊತ್ತಿ ಇರಲಿಲ್ಲ, ಶಶಿಧರ ಇದ್ದ. ಅವನ ಡಬ್ಬಿಯ ಬದನೆಕಾಯಿ ಎಣಗಾಯಿಗೆ ಉಪ್ಪು ಬೀಳುವುದು ನಿಂತಿತು. ನಾಲ್ಕು ದಿನ ತಡೆದು ಐದನೆಯ ದಿನ ಅವನು ಅಂಗಡಿಯಿಂದ ಬಂದವನೇ ಚಪ್ಪಲಿ ಬಿಡುವ ಮೊದಲು ಶುರುಮಾಡಿದ.

"ಒಂದ ಮಾತು ಅಂದ್ಬಿಡು ಸೀಮಾ. ತಪ್ಪಾತು ಅತ್ತಿ, ಬ್ಯಾರೆ ಸಸಿ ತಂದೆ ಅಂತ. ನಿನ್ನ ಗಂಟೇನ ಹೋಗತೈತಿ?"

"ಮಾಡಿದ್ರ ಅಂತಿದ್ನಿ. ಹಂಡೆ ಕೊಟ್ಟಾಗ ಅಂದೇನಿಲ್ಲ?"

"ಅಕಿ ಮುದುಕಿ."

"ನಾನೂ ಮುದುಕಿ ಆಗತೇನ್ರಿ. ಆವಾಗೂ ನೀಲಿ ಹೂವಿನ ಕಳ್ಳಿ ಅನಸ್ಕೊಂಡ ಇರಬೇಕೇನು?"

ಶಶಿಧರ ಕೈಕಾಲು ತೊಳೆಯಲು ಹೋದ. ಅವನಿಗೆ ಗಿಡ ಯಾರದಾದರೂ ಒಂದೇ, ಎಣಗಾಯಿಗೆ ಉಪ್ಪು ಬೇಕಿತ್ತು.

ಕೀರ್ತಿಗೆ ಅವ್ವನ ಕಡೆ ಮನಸ್ಸು. ಅವಳು ಫೋನಿನಲ್ಲಿ ಹುಡುಕಿ ಅಜ್ಜಿಯ ಕೋಣೆಗೆ ಹೋದಳು. ಈ ಗಿಡ ಹುಳಿ ಮಣ್ಣಿನಲ್ಲಿ ನೀಲಿ ಬಿಡುತ್ತದಂತೆ, ಸುಣ್ಣವೋ ಬೂದಿಯೋ ಬಿದ್ದ ಮಣ್ಣಿನಲ್ಲಿ ಗುಲಾಬಿ ಬಿಡುತ್ತದಂತೆ, ಗಿಡ ಅದೇ, ಮಣ್ಣು ಮಾತ್ರ ಬೇರೆ ಎಂದು ಚಿತ್ರ ತೋರಿಸಿದಳು. ಗೋವೆಯ ಕೆಂಪು ಮಣ್ಣು ಹುಳಿಯಂತೆ.

"ಸಾವರ್ಡ್ಯಾಗೂ ಕೆಂಪ ಮಣ್ಣ ಇತ್ತಲ್ಲ," ಅಂದಳು ನೀಲಗಂಗವ್ವ. "ಅಲ್ಲಿ ಯಾಕ ನೀಲಿ ಆಗಲಿಲ್ಲ? ಅದನ್ನ ಕೇಳ ನಿನ್ನ ಫೋನಿಗೆ."

ಫೋನಿಗೆ ಅದು ಗೊತ್ತಿರಲಿಲ್ಲ. ನಿನ್ನ ಹೆಸರಲ್ಲೇ ನೀಲಿ ಇದೆಯಲ್ಲ ಆಯಿ, ಅದಕ್ಕೇ ಆಗಿರಬೇಕು ಎಂದು ಕೀರ್ತಿ ನಗಿಸಲು ನೋಡಿದಳು. ನೀಲಗಂಗವ್ವ ನಗಲಿಲ್ಲ. ಹೊರಗೆ ಬಂದು ಕೀರ್ತಿ ಅವ್ವನಿಗೆ ಇನ್ನೊಂದು ಮಾತು ಹೇಳಿದಳು. ಆಯಿಯ ಒಲೆಯ ಮೇಲಿನ ಪಾತ್ರೆ ತೊಳೆದಿಟ್ಟ ಹಾಗೇ ಇದೆ, ಹಿಟ್ಟಿನ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಇದೆ. ಸಿಟ್ಟಿನಲ್ಲಿದ್ದ ಸೀಮಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊಬ್ಬಿನ ಉಪವಾಸ ಎಂದುಕೊಂಡಳು.

ಮೇ ತಿಂಗಳ ಕೊನೆಗೆ ಚಮನಬಿ ಬಂದಳು. ವಾಸ್ಕೋದಲ್ಲಿ ಅವಳ ತಂಗಿಯ ಮಗಳ ಮದುವೆಯಿತ್ತು. ಹಳೆಯ ನೆರೆಯವರನ್ನು ನೋಡದೆ ಹೋಗುವುದು ಹೇಗೆ ಎಂದು, ತಾನು ಗಂಗಕ್ಕ ಎಂದು ಕರೆಯುವ ನೀಲಗಂಗವ್ವನಿಗೆ ಒಂದು ಡಬ್ಬಿ ಶೀರಕುರ್ಮಾ, ಜೊತೆಗೆ ಒದ್ದೆ ಕಾಗದದಲ್ಲಿ ಸುತ್ತಿದ ಒಂದು ಗೊಂಚಲು ಹೂವನ್ನೂ ತಂದಿದ್ದಳು. ಸೀಮಾ ಕೊಟ್ಟ ಕಡ್ಡಿಯಲ್ಲಿ ಬಿಟ್ಟ ಮೊದಲ ಹೂವು. ಗುಲಾಬಿ ಬಣ್ಣ, ಸಾವರ್ಡೆಯದೇ ಗುಲಾಬಿ.

ಸೀಮಾಗೆ ದೇವರೇ ಬಂದ ಹಾಗಾಯಿತು. ಒಂದೇ ಗಿಡದ ಕಡ್ಡಿ, ಒಂದೇ ದಿನ ಕತ್ತರಿಸಿದ್ದು, ಈಗಾದರೂ ನಂಬುತ್ತಾಳೆ ಎಂದುಕೊಂಡಳು. ನೀಲಗಂಗವ್ವ ಹೂವನ್ನು ಕೆನ್ನೆಗೆ ಒತ್ತಿಕೊಂಡಳು, ಕಣ್ಣು ತುಂಬಿಕೊಂಡಳು, ಆಮೇಲೆ ಸೊಸೆಯ ಕಡೆ ತಿರುಗಿದಳು.

"ಖರೇ ಗಿಡಾ ಚಮನಬೀಗೆ ಕೊಟ್ಟಿ. ನನಗ ಬದಲಿದು ಇಟ್ಟಿ. ಇನ್ನೇನ ಸಾಕ್ಷಿ ಬೇಕು?"

ಚಮನಬಿ ಇಬ್ಬರ ಮುಖ ನೋಡಿ, ಮದುವೆ ಮನೆಗೆ ಹೊತ್ತಾಯಿತೆಂದು ಎದ್ದಳು. ಅವಳನ್ನು ಬಸ್ ನಿಲ್ದಾಣದವರೆಗೆ ಬಿಡಲು ಹೋದ ಸೀಮಾ, ಅಷ್ಟು ಚಂದದ ಬಣ್ಣ ಬರಲು ಗಿಡಕ್ಕೆ ಏನು ಹಾಕಿದಿರಿ ಎಂದು ಕೇಳಿದಳು. ಏನೂ ಹಾಕಿಲ್ಲ ಎಂದಳು ಚಮನಬಿ. ಕುಂಡವನ್ನು ಹಿಂದಿನ ಗೋಡೆಗೆ ಒರಗಿಸಿಟ್ಟಿದ್ದಾಳೆ. ರಂಜಾನಿಗೆ ಆ ಗೋಡೆಗೆ ಸುಣ್ಣ ಬಳಿಸಿದಾಗ ಅರ್ಧ ಬಕೀಟು ಕುಂಡಕ್ಕೇ ಸುರಿದು, ಗಿಡ ಸತ್ತೇ ಹೋಯಿತೆಂದು ಹೆದರಿದ್ದಳಂತೆ.

ವಾಪಸು ಬರುವ ದಾರಿಯಲ್ಲಿ ಸೀಮಾ ಕೀರ್ತಿಯ ಫೋನಿನ ಮಾತನ್ನು ನೆನೆದಳು. ಸುಣ್ಣವೋ ಬೂದಿಯೋ. ಚಮನಬಿಯ ಕುಂಡಕ್ಕೆ ಸುಣ್ಣ ಬಿತ್ತು. ಸಾವರ್ಡೆಯ ಗಿಡಕ್ಕೆ ಬೂದಿ ಹಾಕಿದವರು ಯಾರು? ರೇಲ್ವೆ ಗೇಟಿನ ಹತ್ತಿರ ಬಂದಾಗ ಅವಳಿಗೆ ಉತ್ತರ ಸಿಕ್ಕಿತು, ಅಲ್ಲೇ ನಿಂತಳು. ವಿಭೂತಿ. ಇಷ್ಟೆಲ್ಲ ವರ್ಷ ಮಾವ ದಿನಾ ಬೆಳಿಗ್ಗೆ ವಿಭೂತಿಯ ನೀರನ್ನು ಅದರ ಬುಡಕ್ಕೆ ಸುರಿದಿದ್ದರು. ಅವಳಿಗೆ ನಗು ಬಂತು. ಅತ್ತೆಗೆ ಇದನ್ನು ಹೇಳಿದರೆ ಒಪ್ಪದೆ ಇರುವ ಹಾಗಿಲ್ಲ, ದೇವರ ನೀರಿನ ಮಾತು. ಎರಡು ಹೆಜ್ಜೆ ಇಟ್ಟಿದ್ದಳೋ ಇಲ್ಲವೋ, ನಗು ನಿಂತುಹೋಯಿತು. ಹಾಗಾದರೆ ಇಲ್ಲಿಯ ಕುಂಡಗಳಿಗೆ ಆ ನೀರು ಬೀಳುತ್ತಿಲ್ಲವೇ?

ಹೊಸ ಮನೆಯಲ್ಲಿ ಶಶಿಧರ ಅಪ್ಪನಿಗೆಂದೇ ಪೂಜೆಯ ಕೋಣೆ ಮಾಡಿಸಿದ್ದ. ಬಾಗಿಲು, ಚಿಲಕ, ಒಳಗೇ ನೀರು ಹೋಗಲು ಮೋರಿ. ಪಂಚಾಕ್ಷರಪ್ಪನವರು ದಿನಾ ಬಾಗಿಲು ಹಾಕಿಕೊಂಡು ಒಳಗೆ ಕೂತು, ಹಣೆತುಂಬ ವಿಭೂತಿ ಧರಿಸಿ ಹೊರಗೆ ಬರುತ್ತಿದ್ದರು. ಹೊಸ ಕೋಣೆ ಮುದುಕರಿಗೆ ಹಿಡಿಸಿದೆ ಎಂದು ಎಲ್ಲರೂ ತಿಳಿದಿದ್ದರು. ಪೂಜೆಯ ನೀರು ಎಲ್ಲಿಗೆ ಹೋಗುತ್ತದೆ ಎಂದು ಸೀಮಾ ಒಂದು ದಿನವೂ ಯೋಚಿಸಿರಲಿಲ್ಲ. ಕೀರ್ತಿಯ ಡಬ್ಬಿ, ಗಂಡನ ಡಬ್ಬಿ, ನಳದ ನೀರು ನಿಲ್ಲುವ ಹೊತ್ತು, ಇವುಗಳ ನಡುವೆ ಯಾರಿಗೆ ಪುರುಸೊತ್ತು?

ಮರುದಿನ ಬೆಳಿಗ್ಗೆ ಅವಳು ಕುಂಡಗಳಿಗೆ ನೀರು ಹಾಕಲಿಲ್ಲ. ಮಾವನ ಪೂಜೆ ಮುಗಿದ ಮೇಲೆ ಹಿತ್ತಲಿಗೆ ಹೋಗಿ ಮಣ್ಣು ಮುಟ್ಟಿ ನೋಡಿದಳು. ಒಣಗಿತ್ತು. ನೀಲಗಂಗವ್ವ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಮಾವನಿಗೆ ಚಹಾ ಒಯ್ದಳು.

"ಮಾವಾರ, ಪೂಜಿ ನೀರು ಎಲ್ಲಿ ಹಾಕ್ತೀರಿ?"

ಪಂಚಾಕ್ಷರಪ್ಪನವರು ಚಹಾದ ಬಟ್ಟಲನ್ನು ಕೆಳಗಿಟ್ಟರು. ಎದೆಯ ಮೇಲಿನ ಬೆಳ್ಳಿಯ ಕರಡಿಗೆಯನ್ನು ಕೈಯಲ್ಲಿ ಹಿಡಿದುಕೊಂಡರು. ಲಿಂಗವನ್ನು ಇಟ್ಟುಕೊಳ್ಳುವ ಆ ಪುಟ್ಟ ಡಬ್ಬಿಯನ್ನು ಅವರು ಸ್ನಾನದಲ್ಲೂ ಬಿಡುತ್ತಿರಲಿಲ್ಲ. ಈಗ ಅದರ ಮುಚ್ಚಳ ತೆಗೆದು ಸೊಸೆಗೆ ತೋರಿಸಿದರು. ಒಳಗೆ ಹತ್ತಿಯ ಒಂದು ಚೂರಿನ ಹೊರತು ಏನೂ ಇರಲಿಲ್ಲ.

ಮನೆ ಖಾಲಿ ಮಾಡಿದ ದಿನ ಆದದ್ದು ಅದು. ಸಾವರ್ಡೆಯ ಪಡಸಾಲೆಯಲ್ಲಿ ಕೊನೆಯ ಪೂಜೆಗೆ ಕೂತಿದ್ದರು. ಲಾರಿಯವನು ಹಾರ್ನ್ ಒತ್ತುತ್ತಿದ್ದ. ಒಳಕಲ್ಲು ಎತ್ತಲು ಒಂದು ಕೈ ಹಿಡಿಯಿರಿ ಎಂದು ಶಶಿಧರ ಕೂಗಿದ. ಅಂಗೈಯಲ್ಲಿದ್ದ ಲಿಂಗವನ್ನು ಹೂಪತ್ರಿಯ ಸಮೇತ ತಟ್ಟೆಯಲ್ಲಿಟ್ಟು ಎದ್ದುಹೋದರು. ಬಂದು ಅವಸರದಲ್ಲಿ ಕರಡಿಗೆ ಮುಚ್ಚಿ ಕೊರಳಿಗೆ ಹಾಕಿಕೊಂಡು, ತಟ್ಟೆಯನ್ನು ರೂಢಿಯಂತೆ ಗಿಡಕ್ಕೆ ಸುರಿದು ಲಾರಿ ಹತ್ತಿದರು. ಮರುದಿನ ಹೊಸ ಮನೆಯಲ್ಲಿ ಕರಡಿಗೆ ತೆಗೆದರೆ ಅದು ಬರಿದು.

"ಗಂಟ್ಯಾಗ, ಡಬ್ಬ್ಯಾಗ ಎಲ್ಲಾ ಹುಡುಕೇನಿ. ಬಾಕಿ ವಸೂಲಿಗೆ ಹೊಂಟೇನಿ ಅಂತ ಸುಳ್ಳ ಹೇಳಿ ಸಾವರ್ಡೆಗೆ ಹೋಗಿ ಗಿಡದ ಬುಡಾನೂ ಕೆದರಿ ನೋಡೇನಿ. ಮಳಿ ಸುರಿಯಾಕತ್ತಿತ್ತು. ಬರೇ ರಾಡಿ."

"ಸ್ವಾಮಿಗಳ ಕಡೆ ಹೋದ್ರ ಬ್ಯಾರೆ ಲಿಂಗಾ ಕೊಡ್ತಾರಲ್ರಿ?"

"ಮೊದಲನೇ ದಿನಾನ ಹೋಗಬೇಕಿತ್ತು. ನಿಮ್ಮತ್ತಿಗೆ ಹೆಂಗ ಹೇಳ್ಲಿ ಅಂತ ಒಂದ ದಿನ ಕಳದ್ನಿ. ಒಂದರ ಮ್ಯಾಲ ಒಂದ ದಿನ ಬಂತು." ಅವರು ಕರಡಿಗೆ ಮುಚ್ಚಿದರು. "ಲಿಂಗಾ ಬಿದ್ರ ಹಿಂದಿನವರು ಜೀವಾ ಬಿಡತಿದ್ರಂತ. ನಾ ಜೀವಾನೂ ಬಿಡಲಿಲ್ಲ, ಊಟಾನೂ ಬಿಡಲಿಲ್ಲ."

ಸೀಮಾಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು. ತಾನು ಕಳ್ಳಿ ಎನಿಸಿಕೊಂಡು ತಿಂಗಳು ಮೀರಿತ್ತು. ಅಷ್ಟೂ ದಿನ ಈ ಮನುಷ್ಯ ಊಟದ ತಟ್ಟೆ ನೋಡುತ್ತ ಕೂತಿದ್ದರು. ನಾನೇ ಹೇಳಿಬಿಡುತ್ತೇನೆ ಎಂದು ಪಂಚಾಕ್ಷರಪ್ಪನವರು ಅಂದರು. ಅಂದವರೇ ಕರಡಿಗೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡರು. ಸ್ವಲ್ಪ ತಡೆಯಿರಿ, ಇನ್ನೊಮ್ಮೆ ಹುಡುಕಿ ನೋಡೋಣ ಎಂದಳು ಸೀಮಾ.

ಆ ರಾತ್ರಿ ಊಟಕ್ಕೆ ಕೂತಾಗ ನೀಲಗಂಗವ್ವ ತನ್ನ ಕಟ್ಟೆಯ ಬಳಿಯಿಂದಲೇ ಮಾತು ತೆಗೆದಳು. ಮಳೆ ಹಿಡಿದ ಮೇಲೆ ತಾನು ಧಾರವಾಡಕ್ಕೆ ಹೋಗುವವಳು. ತಮ್ಮನ ಫ್ಲ್ಯಾಟಿನಲ್ಲಿ ಒಂದು ಮೂಲೆ ಸಿಕ್ಕರೂ ಸಾಕು. ತನ್ನದೆಂಬ ಒಂದು ಗಿಡವೂ ಇಲ್ಲದ ಮನೆಯಲ್ಲಿ, ಸುಳ್ಳು ಹೇಳುವವರ ನಡುವೆ ಇರಲಾರೆ. ಶಶಿಧರ ಚಮಚೆ ಕುಕ್ಕಿ ಹೆಂಡತಿಯ ಕಡೆ ನೋಡಿದ. ಈಗಲಾದರೂ ಹೇಳು ಎಂಬ ನೋಟ. ಪಂಚಾಕ್ಷರಪ್ಪನವರು ರೊಟ್ಟಿ ಮುರಿದು ಕೈಯಲ್ಲೇ ಹಿಡಿದಿದ್ದರು.

ಹೇಳಲು ಸೀಮಾಗೆ ಈಗ ಎಲ್ಲವೂ ಇತ್ತು. ಒಂದು ಮಾತು ಆಡಿದರೆ ಅವಳ ಹೆಸರು ಅವಳಿಗೆ ವಾಪಸು ಬರುತ್ತಿತ್ತು.

"ನಾ ಗಿಡಾ ಬದಲಿ ಮಾಡಿಲ್ಲ," ಅಂದಳು. "ನಿಮ್ಮ ಹಳೇ ಗಿಡಾ ಸಾವರ್ಡ್ಯಾಗ ಇನ್ನೂ ಐತೆಲ್ಲ ಅತ್ತಿ. ಅದನ್ನ ಕಿತ್ತಕೊಂಡ ಬರ್ತೇನಿ. ಆಮ್ಯಾಲ ಹೋಗೂದಿದ್ರ ಹೋಗ್ರಿ."

ನೀಲಗಂಗವ್ವ ಗಂಡನ ಕಡೆ ಒಮ್ಮೆ ನೋಡಿ ತನ್ನ ಕಟ್ಟೆಯ ದೀಪ ಆರಿಸಿದಳು.

ಎರಡು ಮಳೆ ಬಿದ್ದು ಮಣ್ಣು ಮೆತ್ತಗಾಗುವವರೆಗೆ ಕಾದರು. ಮನೆಯ ಮಾಲೀಕ ಹಳೆಯದನ್ನು ಕೆಡವಿ ಫ್ಲ್ಯಾಟು ಕಟ್ಟಿಸುವವನಿದ್ದ, ಗಿಡ ಒಯ್ಯುತ್ತೀರಾದರೆ ಒಯ್ಯಿರಿ ಎಂದ. ಜೂನಿನ ಎರಡನೆಯ ವಾರ ಮಾವ ಸೊಸೆ ಬೆಳಗಿನ ಲೋಕಲ್ ಗಾಡಿ ಹಿಡಿದು ಸಾವರ್ಡೆಗೆ ಹೋದರು. ಶಶಿಧರನಿಗೆ ಇದು ಹುಚ್ಚಾಟವಾಗಿ ಕಂಡಿತು, ಆದರೆ ಹಿಂದಿನ ವಾರದಿಂದ ಎಣಗಾಯಿಗೆ ಉಪ್ಪು ಬೀಳುತ್ತಿದ್ದುದರಿಂದ ಸುಮ್ಮನಿದ್ದ.

ಗಿಡ ಹಿಂದಿನ ಮೆಟ್ಟಿಲ ಪಕ್ಕದಲ್ಲೇ ಇತ್ತು. ವರ್ಷದಿಂದ ಯಾರೂ ಸವರಿರಲಿಲ್ಲ, ಅರ್ಧ ಒಣ ಕಡ್ಡಿ. ಆದರೂ ನಡುವೆ ಎರಡು ಗೊಂಚಲು ಅರಳಿದ್ದವು, ಅಂಚು ನೀಲಿಗೆ ತಿರುಗುತ್ತಿದ್ದ ಗುಲಾಬಿ. ಸೀಮಾ ಕಡ್ಡಿಗಳನ್ನು ಮೊಳಕಾಲೆತ್ತರಕ್ಕೆ ಕತ್ತರಿಸಿದಳು. ಇಬ್ಬರೂ ಕೂತು ಮೊದಲು ಬುಡದ ಸುತ್ತ ಕೈಯಲ್ಲೇ ಮಣ್ಣು ಬಿಡಿಸಿದರು. ಒಂದೊಂದು ಮುಷ್ಟಿಯನ್ನೂ ಪಂಚಾಕ್ಷರಪ್ಪನವರು ಅಂಗೈಯಲ್ಲಿ ಪುಡಿ ಮಾಡಿ ನೋಡಿದರು. ಕಪ್ಪೆಚಿಪ್ಪು ಸಿಕ್ಕಿತು, ಕೀರ್ತಿ ಸಣ್ಣವಳಿದ್ದಾಗಿನ ಒಂದು ಗೋಲಿ ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಮಳೆ ಜೋರಾಯಿತು. ಚಮನಬಿ ಕೊಡೆ ಹಿಡಿದು ಬಂದು, ಊಟಕ್ಕಾದರೂ ಏಳಿರಿ ಎಂದಳು. ಪಂಚಾಕ್ಷರಪ್ಪನವರು ಎದ್ದು ಕೈ ಕೊಡವಿಕೊಂಡು, ಇರಲಿ ಬಾ ತಂಗಿ, ಋಣ ಇಲ್ಲ ಎಂದರು. ಬುಡವನ್ನು ಮಣ್ಣಿನ ಹೆಂಟೆಯ ಸಮೇತ ಗೋಣಿಚೀಲದಲ್ಲಿ ಕಟ್ಟಿಕೊಂಡು ಸಂಜೆಯ ಗಾಡಿ ಹತ್ತಿದರು. ಮನೆಗೆ ಹೋದಕೂಡಲೇ ನಿಮ್ಮತ್ತಿಗೆ ಹೇಳುತ್ತೇನೆ ಎಂದು ವಾಸ್ಕೋದಲ್ಲಿ ಇಳಿಯುವಾಗ ಮಾವ ಅಂದರು. ಈ ಸಲ ಸೀಮಾ ತಡೆಯಲಿಲ್ಲ.

ನೀಲಗಂಗವ್ವ ಹಿತ್ತಲ ಬಾಗಿಲಲ್ಲೇ ಕಾದು ಕೂತಿದ್ದಳು. ಕೀರ್ತಿಯ ಕೈಯಿಂದ ಹಲಸಿನ ಮರದ ಬದಿಗೆ ಗುಂಡಿ ತೋಡಿಸಿಟ್ಟಿದ್ದಳು. ಗೋಣಿ ಬಿಚ್ಚುತ್ತಿದ್ದಂತೆ, ಮಾತಿಗೆ ಬಾಯಿ ತೆಗೆದ ಗಂಡನನ್ನು ಕೈ ಅಡ್ಡ ಮಾಡಿ ನಿಲ್ಲಿಸಿ, ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹೆಣೆದುಕೊಂಡ ಬೇರುಗಳ ನಡುವಿನ ಹಳೆಯ ಮಣ್ಣನ್ನು ಬೆರಳಿನಿಂದ ಸಡಿಲ ಮಾಡತೊಡಗಿದಳು. ತಾಯಿ ಕಲಿಸಿದ ಕೆಲಸ, ಬೇರು ಬಿಡಿಸದೆ ನೆಟ್ಟರೆ ಗಿಡ ಹೊಸ ಮಣ್ಣು ಹಿಡಿಯುವುದಿಲ್ಲ. ಒಂದು ಕಡೆ ಅವಳ ಬೆರಳು ನಿಂತಿತು.

ಬೇರಿನ ಬಲೆಯೊಳಗೆ ಗುಂಡಗೆ, ಕರ್ರಗೆ ಏನೋ ಸಿಕ್ಕಿಕೊಂಡಿತ್ತು.

ಅವಳು ಬರಿಗೈಯಿಂದ ಮುಟ್ಟಲಿಲ್ಲ. ಸೆರಗಿನ ಅಂಚಿನಲ್ಲಿ ಹಿಡಿದು, ಬೇರನ್ನು ಒಂದೊಂದಾಗಿ ಬಿಡಿಸಿ ಎತ್ತಿಕೊಂಡಳು. ಅದೇನೆಂದು ಕೇಳಲು ಬಾಯಿ ತೆಗೆದ ಕೀರ್ತಿಯ ಕೈಯನ್ನು ಸೀಮಾ ಒತ್ತಿದಳು. ಪಂಚಾಕ್ಷರಪ್ಪನವರು ಮೆಟ್ಟಿಲ ಮೇಲೆ ಕುಸಿದು ಕೂತರು. ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನೀಲಗಂಗವ್ವ ಲಿಂಗವನ್ನು ತಂಬಿಗೆಯ ನೀರಿನಲ್ಲಿ ತೊಳೆದು ತಂದು ಗಂಡನ ಅಂಗೈಯಲ್ಲಿಟ್ಟಳು.

"ಹೋಗ್ರಿ, ಝಳಕಾ ಮಾಡ್ರಿ. ನಾಳೆ ಸ್ವಾಮಿಗಳನ್ನ ಕರಸೂಣು, ಏನ ಮಾಡಬೇಕೋ ಅವರು ಹೇಳ್ತಾರ. ಇವತ್ತ ಪೂಜಿ ಮಾಡ್ಕೊಳ್ರಿ. ಬಾಗಲಾ ಹಾಕಬ್ಯಾಡ್ರಿ."

ಆಮೇಲೆ ಅಡಿಗೆ ಮನೆಗೆ ಬಂದು, ಸೀಮಾಳ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಳು. ಸೀಮಾ ಹಿಟ್ಟು ನಾದುತ್ತಿದ್ದಳು. ಅತ್ತೆಯ ಮಣಿಕಟ್ಟು ಎಷ್ಟು ಸಣ್ಣಗಾಗಿದೆ ಎಂದು ಅವಳು ಆಗಲೇ ನೋಡಿದ್ದು. ಕೀರ್ತಿ ಹೇಳಿದ್ದ ಹಿಟ್ಟಿನ ಡಬ್ಬಿ ನೆನಪಾಯಿತು.

"ಬ್ಯಾರೆ ಒಲಿ ಮ್ಯಾಲ ನೀವು ಏನ ಮಾಡ್ಕೊಂಡ ಉಣತಿದ್ರಿ ಅತ್ತಿ?"

"ಹಾಲು. ಒಂದೀಟ ಬಾಳೆಹಣ್ಣು."

"ಅವರ ಪೂಜಿ ಆಗಲಾರದ್ದಕ್ಕ?"

"ಮೊದಲ ಅನುಮಾನ ಇತ್ತು. ನಲವತ್ತ ವರ್ಷ ಆ ನೀರಿನ ಸಪ್ಪಳ ಕೇಳೇನಿ, ಈ ಮನಿಗೆ ಬಂದಿಂದ ಒಂದ ದಿನಾ ಕೇಳಿಲ್ಲ. ಹೂವು ನೀಲಿ ಆದಾಗ ಖಾತ್ರಿ ಆತು. ದೇವರ ನೀರ ಬೀಳಲಾರದ್ದಕ್ಕ ಬಣ್ಣಾ ಹೋಗೇತಿ ಅಂತ ತಿಳಕೊಂಡೆ."

ಸೀಮಾ ಹಿಟ್ಟಿನಿಂದ ಕೈ ತೆಗೆದಳು.

"ಅಂದ್ರ ಅದು ನಿಮ್ಮ ಗಿಡಾನ ಅಂತ ನಿಮಗ ಗೊತ್ತಿತ್ತು."

"ನನ್ನ ಗಿಡಾ ಅಂತ ಒಪ್ಪಿದ್ರ, ಮನ್ಯಾಗ ಪೂಜಿ ನಿಂತೈತಿ ಅಂತನೂ ಒಪ್ಪಬೇಕಿತ್ತು. ಅವರನ್ನ ಕೇಳಾಕ ಧೈರ್ಯ ಆಗಲಿಲ್ಲ. ದೇವರನ್ನ ಬಿಟ್ಟೇನಿ ಅಂದಿದ್ರ ಆ ಮನಿಷ್ಯಾನ ಮುಂದ ನಾ ಹೆಂಗ ಕೂಡಬೇಕಿತ್ತು? ನಿನ್ನ ಬೈದ್ರ ನೀ ತಿರಗಿ ಬೈತಿ. ಅಷ್ಟ ಆಗತಿತ್ತು."

"ಹಂಗಾರ ನಾ ಕೊತ್ತಿ ಆದ್ನೇನ್ರಿ?"

ನೀಲಗಂಗವ್ವ ಸೊಸೆಯ ಮುಖ ನೋಡಿದಳು. ನಗಬೇಕೋ ಅಳಬೇಕೋ ತಿಳಿಯದವಳ ಹಾಗೆ ಬಾಯಿ ಅಲ್ಲಾಡಿತು.

"ಸೋಮವಾರ ಬಳಗಕ್ಕ ನಾನೂ ಬರ್ತೇನಿ," ಅಂದಳು. "ಎಲ್ಲಾರ ಮುಂದ ಹೇಳ್ತೇನಿ. ನನ್ನ ಸೊಸಿ ಕಳ್ಳಿ ಅಲ್ಲ, ನಾನ ಸುಳ್ಳಿ ಅಂತ."

ಸೀಮಾಳ ಸಿಟ್ಟು ಪೂರಾ ಇಳಿದಿರಲಿಲ್ಲ, ಇನ್ನೂ ಸ್ವಲ್ಪ ದಿನ ಇರುವಂಥದೇ ಅದು. ಆದರೂ ಮೊದಲ ರೊಟ್ಟಿಯನ್ನು ತೆಳ್ಳಗೆ ಬಡಿದು, ಎರಡೂ ಕಡೆ ಉಬ್ಬುವಂತೆ ಬೇಯಿಸಿ, ಶೇಂಗಾ ಚಟ್ನಿ, ಮೊಸರಿನ ಜೊತೆ ಅತ್ತೆಯ ತಟ್ಟೆಗೆ ಹಾಕಿದಳು. ನೀಲಗಂಗವ್ವ ಕೈ ತೊಳೆದುಕೊಂಡು ತಟ್ಟೆಯ ಮುಂದೆ ಸುಮ್ಮನೆ ಕೂತಳು. ರೊಟ್ಟಿ ಆರುತ್ತಿತ್ತು. ಉಣ್ಣಿರಿ ಎಂದು ಸೀಮಾ ಹೇಳಲಿಲ್ಲ. ಎರಡನೆಯ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವಳೂ ಕಿವಿಗೊಟ್ಟು ಕೂತಳು.

ಹಿತ್ತಲಲ್ಲಿ ನೀರು ಸುರಿದ ಸಪ್ಪಳವಾಯಿತು. ನೀಲಗಂಗವ್ವ ರೊಟ್ಟಿ ಮುರಿದಳು.